ಶಸ್ತ್ರಚಿಕಿತ್ಸೆಯ ನಂತರವೂ ಗರ್ಭಕೋಶ ಜಾರುವ ತೊಂದರೆ ಮರುಕಳಿಸುವುದೇಕೆ?

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆಯೇ ನಮ್ಮ ಮಲೆನಾಡಿನ ಅನೇಕ ಹೆಂಗಸರು ವರ್ಷಗಟ್ಟಲೆ ಮುಚ್ಚಿಟ್ಟ ಕಾಯಿಲೆಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು. ಗರ್ಭಕೋಶ ಜಾರುವುದು ಅಂಥ ಕಾಯಿಲೆಗಳಲ್ಲೊಂದು. ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಒಂದೆರಡು ವರ್ಷದಲ್ಲಿಯೇ ಮತ್ತೆ ಏನೋ ಕೆಳಗಿಳಿದಂತಾಗುತ್ತದೆ. ಡಾಕ್ಟರನ್ನೋ ಹಣೆಬರಹವನ್ನೋ ದೂರುವ ಮುಂಚೆ ಕಾರಣಗಳನ್ನು ಸದಸ್ಯ ಬಾಂಧವರು ತಿಳಿದಿರಲೆಂದು ಈ ವಿಷಯವನ್ನೆತ್ತಿಕೊಂಡಿದ್ದೇವೆ. ಗಂಡಸರೂ ಓದಬೇಕು.

ಇದೇನೂ ಅಪರೂಪವಲ್ಲ. ಅಮೆರಿಕದ ಆರೆಗನ್ ಪ್ರಾಂತ್ಯದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತೊಂದರೆಗೂ ಮೂತ್ರ ಸೋರಿಕೆಗೂ ಆದ ಶಸ್ತ್ರಚಿಕಿತ್ಸೆಗಳ ಪೈಕಿ ಶೇಕಡಾ 29 ಮರುಚಿಕಿತ್ಸೆಗಳೇ ಆಗಿದ್ದವು.

ಮುಖ್ಯ ಕಾರಣ ಹೆರಿಗೆಯಲ್ಲಿದೆ. ಕಿಬ್ಬೊಟ್ಟೆಯ ತಳವನ್ನು ಜೋಲಿಯಂತೆ ಹೊತ್ತಿರುವ ಸ್ನಾಯುವೊಂದುಂಟು. ಕಷ್ಟದ ಹೆರಿಗೆಯಲ್ಲಿ, ಅದರಲ್ಲೂ ಇಕ್ಕಳ ಹಾಕಿ ಮಗುವನ್ನು ತೆಗೆದಲ್ಲಿ, ಅದು ಮುಂದಿನ ಮೂಳೆಯಿಂದ ಕಿತ್ತುಬರಬಹುದು. ಸಡಿಲವಾದ ಗೋಡೆಗಳನ್ನು ಹೊಲಿದು ಬಿಗಿ ಮಾಡಿದರೂ ಕಿತ್ತ ಸ್ನಾಯು ಮತ್ತೆ ಕೂಡುವುದಿಲ್ಲ. ಬುಡ ಅಲುಗಿದ ಗೂಟಕ್ಕೆ ಹೊಸ ಹಗ್ಗ ಕಟ್ಟಿದ ಹಾಗೆ. ಚಿಕಿತ್ಸೆಗೆ ಮುಂಚೆಯೇ ಬಹಳ ಹೊರಗೆ ಬಂದಿದ್ದವರಿಗೆ, ಚಿಕ್ಕ ವಯಸ್ಸಿನವರಿಗೆ, ತಾಯಿ, ಅಕ್ಕತಂಗಿಯರಲ್ಲೂ ಇದೇ ತೊಂದರೆಯಿರುವವರಿಗೆ ಅಪಾಯ ಹೆಚ್ಚು. ಬಹುಪಾಲು ಮರಳಿ ಜಾರುವುದು ಮೂತ್ರಕೋಶದ ಕಡೆಯ ಮುಂಗೋಡೆ.

"ಗರ್ಭಕೋಶವನ್ನೇ ತೆಗೆಸಿದರೆ ಜಾರಲು ಏನುಳಿಯಿತು?" ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ತೆಗೆದ ನಂತರ ಯೋನಿಯ ಮೇಲ್ತುದಿಯನ್ನು ಗಟ್ಟಿ ಕಟ್ಟುಗಳಿಗೆ ಸೇರಿಸಿ ಹೊಲಿಯದಿದ್ದರೆ ಆ ತುದಿಯೇ ಇಳಿಯಬಹುದು, ಜೊತೆಗೆ ಮೂತ್ರಕೋಶವೂ ಕರುಳೂ. ಅದಕ್ಕೆ ಏನು ಆಧಾರ ಕೊಡುತ್ತೀರಿ ಎಂದು ಡಾಕ್ಟರನ್ನು ಮೊದಲೇ ಕೇಳಿರಿ, ನಾಚಿಕೆ ಪಡುವಂಥದ್ದೇನಿಲ್ಲ.

ಬೊಜ್ಜು, ಮಲಬದ್ಧತೆ, ಬಿಡದ ಕೆಮ್ಮು, ಭಾರ ಹೊರುವುದು ಇವುಗಳ ಪಾತ್ರ ಎಷ್ಟೆಂಬುದರಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಆದರೂ ಎಲ್ಲವೂ ಹೊಟ್ಟೆಯೊಳಗಿನ ಒತ್ತಡವನ್ನು ಕೆಳಕ್ಕೆ ತಳ್ಳುವಂಥವೇ. ಸೌದೆ ಒಲೆಯ ಹೊಗೆಯಿಂದ ಕೆಮ್ಮುವವರು ಮೊದಲು ಕೆಮ್ಮಿಗೆ ಮದ್ದು ಮಾಡಿಸಲಿ.

ನಡೆದಾಡುವುದು, ಹಗುರ ಮನೆಗೆಲಸ ತಪ್ಪಲ್ಲ. ಕಾಫಿಹಣ್ಣಿನ ಮೂಟೆ, ಅಡಿಕೆ ಗೊನೆ, ಸೊಪ್ಪಿನ ಹೊರೆಗಳನ್ನು ಮಾತ್ರ ಸಾಮಾನ್ಯವಾಗಿ 6 ವಾರವಾದರೂ ಮುಟ್ಟಬಾರದು; ಆಮೇಲೂ ಡಾಕ್ಟರ ಮಾತಿನಂತೆ. ತೋಟದ ಮಾಲೀಕರಲ್ಲಿ ನಮ್ಮ ವಿನಂತಿ: ಕೆಲಸಕ್ಕೆ ಮರಳಿದ ಹೆಣ್ಣಾಳಿಗೆ ಕೂತು ಅಡಿಕೆ ಆರಿಸುವಂಥ ಕೆಲಸ ಕೊಡಿ, ಕೂಲಿ ಕಡಿಯಬೇಡಿ.

ಮರುಕಳಿಸಿದರೂ ಎಲ್ಲರಿಗೂ ಎರಡನೆಯ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಒಳಗಿಡುವ ರಿಂಗಿನಿಂದಲೇ ಹಲವರು ನೆಮ್ಮದಿಯಾಗಿದ್ದಾರೆ. ಅದನ್ನು ಆಗಾಗ್ಗೆ ತೆಗೆದು ತೊಳೆಯಿಸಬೇಕು, ಅಷ್ಟೆ.