ಬಣ್ಣದಡಿಯ ಬೆಸುಗೆ

2013ರಲ್ಲಿ ಅಮೆರಿಕದ ಟೆಕ್ಸಸ್‌ ರಾಜ್ಯದ ದಂಪತಿಯೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. 2010ರ ಮಾಡೆಲ್ಲಿನ ಹೋಂಡಾ ಫಿಟ್. ನಮ್ಮ ರಸ್ತೆಗಳಲ್ಲಿ ಜಾಝ್ ಎಂಬ ಹೆಸರಿನಲ್ಲಿ ಓಡಾಡಿದ ಕಾರು ಅದು. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪಿದ ಪಿಕಪ್ ಟ್ರಕ್ಕೊಂದು ಅವರಿಗೆ ಗುದ್ದಿತು. ಕಾರು ಮುದ್ದೆಯಾಗಿ ಬೆಂಕಿ ಹೊತ್ತಿಕೊಂಡಿತು. ಗಂಡ ಒಳಗೆ ಸಿಕ್ಕಿಬಿದ್ದು ತೀವ್ರವಾದ ಸುಟ್ಟಗಾಯಗಳಿಗೆ ತುತ್ತಾದರು. ಇಬ್ಬರ ಜೀವವೂ ಉಳಿಯಿತು.

ಆಮೇಲೆ ಕಾರನ್ನು ಬಿಚ್ಚಿ ಪರೀಕ್ಷಿಸಿದಾಗ ಹಳೆಯ ಸಂಗತಿಯೊಂದು ಹೊರಬಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಆಲಿಕಲ್ಲು ಬಿದ್ದು ಅದರ ಚಾವಣಿ ಕೆಟ್ಟಿತ್ತು. ಡಲ್ಲಾಸ್‌ನ ಬಾಡಿ ಶಾಪ್ ಒಂದು ಹೊಸ ಚಾವಣಿ ಕೂರಿಸಿಕೊಟ್ಟಿತ್ತು. ಆ ಚಾವಣಿಯನ್ನು ನೂರಕ್ಕೂ ಹೆಚ್ಚು ಕಡೆ ಸ್ಪಾಟ್ ವೆಲ್ಡ್ ಮಾಡಿ ಕೂರಿಸಬೇಕೆಂದು ಕಂಪನಿಯ ರಿಪೇರಿ ವಿಧಾನ ಹೇಳುತ್ತದೆ. ಶಾಪಿನವರು ಅಂಟು ಹಾಕಿ ಕೂರಿಸಿದ್ದರು. ಮೇಲೆ ಬಣ್ಣ ಬಿದ್ದ ಮೇಲೆ ವೆಲ್ಡಿಗೂ ಅಂಟಿಗೂ ವ್ಯತ್ಯಾಸ ಯಾರಿಗೆ ಗೊತ್ತಾಗಬೇಕು? 2017ರ ಅಕ್ಟೋಬರಿನಲ್ಲಿ ಡಲ್ಲಾಸ್‌ನ ಜ್ಯೂರಿ ಆ ಶಾಪಿನ ಮೇಲೆ ಹೊರಿಸಿದ ಪರಿಹಾರದ ಮೊತ್ತ 3 ಕೋಟಿ 15 ಲಕ್ಷ ಡಾಲರ್. ಅಮೆರಿಕದ ಇಡೀ ಬಾಡಿ ರಿಪೇರಿ ಉದ್ಯಮ ಬೆಚ್ಚಿಬಿದ್ದ ದಿನ ಅದು.

ಇಲ್ಲಿ ಅಂಟನ್ನು ದೂರಿ ಫಲವಿಲ್ಲ. ಕೆಲವು ಕಾರುಗಳಲ್ಲಿ ಅಂಟು ಮತ್ತು ರಿವೆಟ್ ಎರಡನ್ನೂ ಬಳಸಿಯೇ ಜೋಡಿಸಬೇಕೆಂದು ತಯಾರಕರೇ ಬರೆದಿರುತ್ತಾರೆ. ಈ ಕಾರಿಗೆ, ಈ ವರ್ಷದ ಮಾಡೆಲ್ಲಿಗೆ, ಈ ಭಾಗಕ್ಕೆ ಏನು ಬರೆದಿದೆ ಎಂದು ತೆರೆದು ಓದುವುದು, ಓದಿದಂತೆ ಮಾಡುವುದು ರಿಪೇರಿ ಮಾಡುವವನ ಕರ್ತವ್ಯ. ಓದದೆ, ಅಥವಾ ಓದಿಯೂ ಬದಿಗಿಟ್ಟು ಮಾಡಿದ ಕೆಲಸದ ಬೆಲೆಯನ್ನು ಆ ಕಾರನ್ನು ಎಂದೋ ಕೊಳ್ಳುವ ಅಪರಿಚಿತರು ತೆರಬೇಕಾಗುತ್ತದೆ. ಹಾಗಾಗಿ ತಗಡು ತಟ್ಟುವ ವಿದ್ಯೆಯನ್ನು ಇಂದು ಯಾರು, ಎಲ್ಲಿ, ಹೇಗೆ ಕಲಿಸುತ್ತಿದ್ದಾರೆ ಎಂಬುದು ಕಾರು ಇರುವ ಪ್ರತಿ ಮನೆಗೂ ಸಂಬಂಧಪಟ್ಟ ವಿಷಯ.

ಡಲ್ಲಾಸ್‌ನಿಂದ ಉತ್ತರಕ್ಕೆ ಹೋದರೆ ಪ್ಲೇನೊ, ಫ್ರಿಸ್ಕೊ, ಆಲೆನ್ ಪಟ್ಟಣಗಳು ಸಿಗುತ್ತವೆ. ಐಟಿ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡದ ಸಂಸಾರಗಳು ಅಲ್ಲಿ ಬಹಳ. ವಸಂತ ಬಂತೆಂದರೆ ಆ ಸೀಮೆಯಲ್ಲಿ ಆಲಿಕಲ್ಲಿನ ಭಯ. ಒಂದೇ ಸಂಜೆಯ ಮಳೆಗೆ ಬಡಾವಣೆಯ ಕಾರುಗಳೆಲ್ಲ ಮೈತುಂಬ ಗುಳಿ ಬಿದ್ದು ನಿಲ್ಲುವುದುಂಟು. ಆಲೆನ್‌ನಲ್ಲಿ ಕಾಲಿನ್ ಕಾಲೇಜು ಎಂಬ ಕಮ್ಯುನಿಟಿ ಕಾಲೇಜು 2020ರಲ್ಲಿ ತೆರೆದ ತಾಂತ್ರಿಕ ಕ್ಯಾಂಪಸ್ಸಿನಲ್ಲಿ ಕೊಲಿಷನ್ ರಿಪೇರಿ, ಅಂದರೆ ಡಿಕ್ಕಿಯಾದ ಕಾರುಗಳನ್ನು ಸರಿಮಾಡುವ ವಿದ್ಯೆಯ ಕೋರ್ಸು ಇದೆ. ಮಿಷಿಗನ್‌ನಲ್ಲಿ ವಾಷ್ಟೆನಾ, ಕ್ಯಾಲಿಫೋರ್ನಿಯಾದಲ್ಲಿ ಸೆರಿಟೋಸ್, ಕಾಂಟ್ರಾ ಕೋಸ್ಟಾ ಹೀಗೆ ಇಂಥ ಕೋರ್ಸುಗಳಿರುವ ಕಮ್ಯುನಿಟಿ ಕಾಲೇಜುಗಳು ಇನ್ನೂ ಹಲವು.

ಕಮ್ಯುನಿಟಿ ಕಾಲೇಜು ಎಂದರೆ ಏನೆಂದು ಎರಡು ಮಾತು ಹೇಳಬೇಕು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಕಾಲೇಜನ್ನು ಈ ಪರಂಪರೆಯ ಮೊದಲನೆಯದೆಂದು ಎಣಿಸುತ್ತಾರೆ. ಸಾರ್ವಜನಿಕ ಹಣದಿಂದ ನಡೆಯುವ, ಸಾಮಾನ್ಯವಾಗಿ ಎರಡು ವರ್ಷದ ಓದಿನ ಕಾಲೇಜುಗಳಿವು. ಪ್ರವೇಶಕ್ಕೆ ರ‍್ಯಾಂಕು ಬೇಡ, ವಯಸ್ಸಿನ ಮಿತಿ ಇಲ್ಲ. ಹೈಸ್ಕೂಲು ಮುಗಿಸಿದ ಹುಡುಗಿ, ಸೈನ್ಯದಿಂದ ಬಿಡುಗಡೆಯಾದವನು, ಹಗಲೆಲ್ಲ ದುಡಿದು ಸಂಜೆ ಕ್ಲಾಸಿಗೆ ಬರುವ ನಡುವಯಸ್ಸಿನವನು ಒಂದೇ ಮೇಜಿನ ಸುತ್ತ ನಿಲ್ಲಬಹುದು. ಕ್ಯಾಲಿಫೋರ್ನಿಯಾದಲ್ಲಿ ಆ ರಾಜ್ಯದವರಿಗೆ ಒಂದು ಯೂನಿಟ್ ಓದಿಗೆ 46 ಡಾಲರ್ ಶುಲ್ಕ. 2012ರಿಂದಲೂ ಅಷ್ಟೇ ಇದೆ. ಖಾಸಗಿ ಟ್ರೇಡ್ ಶಾಲೆಗಳು ಸಾವಿರಾರು ಡಾಲರ್ ಕೇಳುವ ದೇಶದಲ್ಲಿ ಇದು ದೊಡ್ಡ ಆಸರೆ.

ಕಲಿಕೆ ಶುರುವಾಗುವುದು ಅಂಗೈಯಿಂದ. ಗುಳಿ ಬಿದ್ದ ಡೋರಿನ ಮೇಲೆ ಕೈ ಸವರಿ ಎಲ್ಲಿ ತಗ್ಗು, ಎಲ್ಲಿ ಉಬ್ಬು, ಎಲ್ಲಿ ತಗಡು ಹಿಗ್ಗಿದೆ ಎಂದು ಗುರುತಿಸಬೇಕು. ಈ ವಿಷಯದಲ್ಲಿ ನಮ್ಮ ಟಿಂಕರಿಂಗ್ ಶೆಡ್ಡಿನ ಮೇಸ್ತ್ರಿಗೂ ಅಲ್ಲಿನ ಅಧ್ಯಾಪಕರಿಗೂ ಭೇದವಿಲ್ಲ. ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟುವುದು ಎರಡೂ ಕಡೆ ಒಂದೇ. ಪುಟ್ಟಿ ತೆಳುವಾಗಿರಬೇಕು, ತಟ್ಟಿ ಸರಿಮಾಡಬೇಕಾದ್ದನ್ನು ಪುಟ್ಟಿ ಮೆತ್ತಿ ಮುಚ್ಚಬಾರದು ಎಂಬ ಪಾಠವೂ ಒಂದೇ. ಬಣ್ಣ ಕೀಳದೆ ಒಳಗಿನಿಂದ ಸಲಾಕೆ ತೂರಿಸಿ ಗುಳಿಯನ್ನು ಮೆಲ್ಲಗೆ ಮೇಲೆತ್ತುವ ಕೈಚಳಕಕ್ಕೆ ಆಲಿಕಲ್ಲಿನ ಊರುಗಳಲ್ಲಿ ಒಳ್ಳೆಯ ಬೇಡಿಕೆ.

ಮುಂದಿನದು ವೆಲ್ಡಿಂಗ್. ನನ್ನ ಮಟ್ಟಿಗೆ ಈ ಕೋರ್ಸಿನ ಜೀವ ಇರುವುದು ಇಲ್ಲಿಯೇ. ಎರಡು ತಗಡಿನ ತುಂಡುಗಳನ್ನು ಬೆಸೆದು ತಂದು ತೋರಿಸಿದರೆ ಪಾಸು ಸಿಗುವುದಿಲ್ಲ. ಆ ತುಂಡನ್ನು ವೈಸಿನಲ್ಲಿ ಕಚ್ಚಿಸಿ ಬಲವಂತವಾಗಿ ಹರಿಯುತ್ತಾರೆ. ಬೆಸುಗೆ ಸರಿಯಾಗಿದ್ದರೆ ಅದು ಬಿಡದೆ ಒಂದು ತಗಡನ್ನೇ ಕಿತ್ತುಕೊಂಡು ಬರುತ್ತದೆ. ತಗಡಿನಲ್ಲಿ ತೂತು ಉಳಿಯುತ್ತದೆ. ಬೆಸುಗೆಯೇ ನುಣ್ಣಗೆ ಕಳಚಿಕೊಂಡರೆ ಫೇಲು, ಮತ್ತೆ ಮಾಡಬೇಕು. ಮೇಲೆ ನೋಡಲು ಅಂದವಾಗಿದ್ದ ವೆಲ್ಡೂ ಹೀಗೆ ಕಳಚಿಕೊಳ್ಳಬಹುದು. ಮೇಜಿನ ಮೇಲಿಟ್ಟು ಒಮ್ಮೆ, ನೆಟ್ಟಗೆ ನಿಲ್ಲಿಸಿ ಒಮ್ಮೆ, ತಲೆಯ ಮೇಲೆ ಕೈಯೆತ್ತಿ ಒಮ್ಮೆ ಮಾಡಿಸುತ್ತಾರೆ, ಯಾಕೆಂದರೆ ಕಾರಿನ ಕೆಳಗೆ ಮಲಗಿದವನಿಗೆ ಅನುಕೂಲದ ಭಂಗಿ ಸಿಗುವುದಿಲ್ಲ. ತನ್ನ ಕೆಲಸವನ್ನು ತಾನೇ ಒಡೆದು ನೋಡುವ ಈ ಅವಕಾಶ ಗಿರಾಕಿಯ ಕಾರಿನ ಮೇಲೆ ಕಲಿಯುವ ಹುಡುಗನಿಗೆ ಎಂದೂ ಸಿಗದು.

ಇಷ್ಟು ಕಟ್ಟುನಿಟ್ಟೇಕೆ ಎಂದರೆ ಕಾರಿನ ಉಕ್ಕು ಬದಲಾಗಿದೆ. ಚಾಸಿಯ ಮೇಲೆ ಬಾಡಿ ಕೂರಿಸುತ್ತಿದ್ದ ಕಾಲ ಸಣ್ಣ ಕಾರುಗಳ ಮಟ್ಟಿಗೆ ಮುಗಿದು ದಶಕಗಳಾದವು. ಈಗ ಬಾಡಿಯೇ ಚಾಸಿ. ಡಿಕ್ಕಿಯಾದಾಗ ಮುಂಭಾಗ ಲೆಕ್ಕದ ಪ್ರಕಾರ ಮಡಚಿಕೊಂಡು ಹೊಡೆತವನ್ನು ನುಂಗಬೇಕು, ಜನ ಕೂರುವ ಜಾಗ ಮಾತ್ರ ಮಡಚಬಾರದು. ಅದಕ್ಕಾಗಿ ಮುಂಬಾಗಿಲು, ಹಿಂಬಾಗಿಲುಗಳ ನಡುವಿನ ಕಂಬಕ್ಕೆ ಹಲವು ಕಾರುಗಳಲ್ಲಿ ಬೋರಾನ್ ಉಕ್ಕು ಬಳಸುತ್ತಾರೆ. ಸಾಧಾರಣ ತಗಡು 300 ಮೆಗಾಪ್ಯಾಸ್ಕಲ್ ಆಸುಪಾಸಿನ ಎಳೆತಕ್ಕೆ ಹರಿದರೆ ಇದು 1,500ರವರೆಗೆ ತಡೆಯುತ್ತದೆ. ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲಿಯೇ ಥಟ್ಟನೆ ತಣಿಸುವುದರಿಂದ ಬಂದ ಬಲ ಅದು. ಅದೇ ಕಂಬಕ್ಕೆ ರಿಪೇರಿಯಲ್ಲಿ ಗ್ಯಾಸ್ ಟಾರ್ಚು ಹಿಡಿದು ಕಾಯಿಸಿ ನೆಟ್ಟಗೆ ಮಾಡಿದರೆ ಆಕಾರ ಮರಳುತ್ತದೆ, ಬಲ ಮರಳುವುದಿಲ್ಲ. ಹಳೆಯ ಕೈಗೆ ಒಗ್ಗಿದ ವಿದ್ಯೆ ಹೊಸ ಉಕ್ಕಿಗೆ ವಿಷವಾಗುವುದು ಹೀಗೆ.

ಅಲ್ಯೂಮಿನಿಯಂ ಬಂದ ಮೇಲೆ ಪಾಠ ಇನ್ನೂ ಬೆಳೆಯಿತು. ಫೋರ್ಡ್ ತನ್ನ ಎಫ್-150 ಪಿಕಪ್ಪಿನ ಬಾಡಿಯನ್ನು 2015ರ ಮಾಡೆಲ್ಲಿನಿಂದ ಅಲ್ಯೂಮಿನಿಯಂನಲ್ಲಿ ಮಾಡತೊಡಗಿತು. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾಹನಗಳಲ್ಲಿ ಅದೊಂದು. ಕಾದ ಉಕ್ಕು ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ಏಕಾಏಕಿ ಕರಗಿಬೀಳುತ್ತದೆ. ಉಕ್ಕಿನ ಪುಡಿ ತಾಗಿದರೆ ಅದಕ್ಕೆ ತುಕ್ಕಿನಂಥ ಸವೆತ ಹಿಡಿಯುತ್ತದೆಂದು ಸುತ್ತಿಗೆ, ಗ್ರೈಂಡರ್, ಉಪ್ಪು ಕಾಗದವನ್ನೂ ಬೇರೆಬೇರೆ ಇಡಬೇಕು.

ಅಳತೆಯ ಪಾಠಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಕಾರನ್ನು ಬೆಂಚಿಗೆ ಬಿಗಿದು, ನಿಗದಿತ ಬಿಂದುಗಳ ಅಂತರವನ್ನು ಕಂಪ್ಯೂಟರಿನಲ್ಲಿ ಅಳೆದು, ತಯಾರಕರ ಲೆಕ್ಕಕ್ಕೆ ಕೆಲವೇ ಮಿಲಿಮೀಟರಿನೊಳಗೆ ಎಳೆದು ತರಬೇಕು. ಬಂಪರಿನ ಹಿಂದಿನ ರೇಡಾರ್, ಗಾಜಿನ ಹಿಂದಿನ ಕ್ಯಾಮೆರಾ ಇರುವ ಕಾರುಗಳಲ್ಲಿ ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿ, ಅವುಗಳ ದೃಷ್ಟಿಯನ್ನು ಮತ್ತೆ ಸರಿಹೊಂದಿಸಬೇಕು. ಇಲ್ಲವಾದರೆ ತಾನೇ ಬ್ರೇಕು ಹಾಕಬೇಕಾದ ಕಾರು ತಪ್ಪು ಜಾಗವನ್ನು ನೋಡುತ್ತಿರುತ್ತದೆ.

ಇನ್ನು ಪೇಂಟು. ಬಣ್ಣ ಹೊಂದಿಸುವುದು ಸೊಗಸಾದ ಕಲೆಯೇ ಸರಿ, ಆದರೆ ನಾನು ಒತ್ತಿ ಹೇಳಬೇಕಾದ್ದು ಉಸಿರಿನ ಮಾತು. ಮೇಲಿನ ಹೊಳಪಿನ ಕೋಟನ್ನು ಗಟ್ಟಿಮಾಡುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿರುತ್ತವೆ. ಅವು ಪೇಂಟರುಗಳಿಗೆ ಆಸ್ತಮಾ ತರುವುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ತಿಳಿದ ಸಂಗತಿ. ಒಮ್ಮೆ ಹತ್ತಿಕೊಂಡರೆ ಆಮೇಲೆ ಅತಿ ಸ್ವಲ್ಪ ಸೋಂಕಿದರೂ ಉಸಿರು ಕಟ್ಟಬಹುದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಹಾಕದೆ ಪೇಂಟ್ ಮಾಡುವ ಬೂತಿನೊಳಗೆ ಕಾಲಿಡಬಾರದೆಂದು ಮೊದಲ ದಿನದಿಂದಲೇ ಕಲಿಸಬೇಕಾಗುವುದು ಇದಕ್ಕೇ. ಗಾಳಿಗೆ ಸೇರುವ ವಿಷಲೋಹಗಳನ್ನು ತಡೆಯಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಂದ ನಿಯಮವೂ ಸ್ಪ್ರೇ ಪೇಂಟರುಗಳಿಗೆ ತರಬೇತಿಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ರಸ್ತೆಬದಿಯಲ್ಲಿ ಸ್ಪ್ರೇ ಮಾಡುವ ಹುಡುಗರನ್ನು ನೆನೆದರೆ ಹೊಟ್ಟೆ ತೊಳಸುತ್ತದೆ. ಕರವಸ್ತ್ರ ಆ ಆವಿಯನ್ನು ತಡೆಯುವುದಿಲ್ಲ.

ಪಾಸಾದವರ ಮುಂದೆ ಎಎಸ್‌ಇ ಎಂಬ ಸಂಸ್ಥೆಯ ಪರೀಕ್ಷೆಗಳಿವೆ. 1972ರಲ್ಲಿ ಹುಟ್ಟಿದ ಸಂಸ್ಥೆ. ಅದರ ಪ್ರಮಾಣಪತ್ರವನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮಾ ಕಂಪನಿಗಳು, ತಯಾರಕರು, ರಿಪೇರಿಯವರು ಸೇರಿ 1979ರಲ್ಲಿ ಕಟ್ಟಿದ ಐ-ಕಾರ್ ಸಂಸ್ಥೆಯ ಪಾಠಗಳನ್ನು ಅನೇಕ ಕಾಲೇಜುಗಳು ತಮ್ಮ ಕ್ಲಾಸಿಗೇ ತಂದುಕೊಂಡಿವೆ. ಹಾಗೆಂದು ಎಲ್ಲವೂ ಸುಸೂತ್ರ ಎನ್ನಲಾಗದು. ವಿಮೆಯವರು ರಿಪೇರಿಯ ಖರ್ಚಿನಲ್ಲಿ ಯಾವುದನ್ನು ಕೊಡುತ್ತಾರೆ, ಯಾವುದನ್ನು ಕತ್ತರಿಸುತ್ತಾರೆ ಎಂಬ ಜಗ್ಗಾಟ ಅಲ್ಲಿ ನಿತ್ಯದ್ದು, ಅದರ ನಡುವೆ ಸರಿಯಾದ ವಿಧಾನಕ್ಕೆ ಅಂಟಿಕೊಳ್ಳಲು ಕೆಲಸಗಾರನಿಗೆ ಎದೆಗಾರಿಕೆ ಬೇಕು. ಕಾಲೇಜು ಅವನ ಕೈಗೆ ಕೊಡುವುದು ಒಂದು ಆಧಾರವನ್ನು: "ತಯಾರಕರು ಹೀಗೇ ಮಾಡಬೇಕೆಂದು ಬರೆದಿದ್ದಾರೆ, ನೋಡಿ" ಎಂದು ಪುಟ ತೆರೆದು ತೋರಿಸುವ ಶಕ್ತಿಯನ್ನು.

ನಮ್ಮಲ್ಲಿ ಈ ವಿದ್ಯೆಗೆ ಪಠ್ಯವೇ ಇಲ್ಲ ಎಂದುಕೊಳ್ಳಬೇಕಿಲ್ಲ. ಐಟಿಐ ಟ್ರೇಡುಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮೆಕ್ಯಾನಿಕ್ ಆಟೊ ಬಾಡಿ ರಿಪೇರಿ, ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್ ಎಂಬ ಒಂದೊಂದು ವರ್ಷದ ಕೋರ್ಸುಗಳಿವೆ. ವರ್ಲ್ಡ್‌ಸ್ಕಿಲ್ಸ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಟೊಬಾಡಿ ರಿಪೇರಿಗೂ ಕಾರ್ ಪೇಂಟಿಂಗಿಗೂ ಪ್ರತ್ಯೇಕ ವಿಭಾಗಗಳಿವೆ. ಆದರೂ ಎಸ್ಸೆಸ್ಸೆಲ್ಸಿ ಮುಗಿಸಿದ ಮಗನಿಗೆ ಎಲೆಕ್ಟ್ರಿಷಿಯನ್, ಫಿಟ್ಟರ್ ಎನ್ನುವ ತಂದೆತಾಯಿಗೆ ಟಿಂಕರಿಂಗ್ ಓದಿಸಬಹುದೆಂದು ಹೊಳೆಯುವುದೇ ಅಪರೂಪ. ನಮ್ಮ ಟಿಂಕರ್‌ಗಳ ಕೈಗುಣದ ಬಗ್ಗೆ ನನಗೆ ಅಪಾರ ಗೌರವ. ಬಿಡಿಭಾಗ ಸಿಗದ ಕಾಲದಲ್ಲಿ ಬರೀ ತಗಡಿನಿಂದ ಮಡ್‌ಗಾರ್ಡ್ ಮಾಡಿಕೊಟ್ಟ ಮೇಸ್ತ್ರಿಗಳು ಅವರು. ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ನಾವು ನಕ್ಷತ್ರ ಎಣಿಸಿ ಕಾರು ಕೊಳ್ಳುತ್ತಿದ್ದೇವೆ. ಆ ನಕ್ಷತ್ರಗಳು ಕಾರ್ಖಾನೆಯಿಂದ ಬಂದ ಕಾರಿಗೆ ಸಂದವು. ಡಿಕ್ಕಿಯಾಗಿ ರಿಪೇರಿಗೆ ಹೋಗಿ ಬಂದ ಕಾರಿನಲ್ಲಿ ಅವು ಉಳಿದಿವೆಯೇ ಎಂಬುದನ್ನು ತೀರ್ಮಾನಿಸುವವನು ಈ ಮೇಸ್ತ್ರಿ. ಅವನಿಗೆ ಸಂಜೆಯ ಹೊತ್ತು, ಕನ್ನಡದಲ್ಲಿ, ಕಡಿಮೆ ಶುಲ್ಕಕ್ಕೆ ಹೊಸ ಉಕ್ಕಿನ ಪಾಠ ಹೇಳುವ ವ್ಯವಸ್ಥೆಯನ್ನು ನಮ್ಮ ಸರ್ಕಾರಿ ಐಟಿಐಗಳೇ ಮಾಡಬೇಕು. ಕಟ್ಟಡ ಇದೆ, ವರ್ಕ್‌ಶಾಪ್ ಇದೆ, ಸಂಜೆಗೆ ಬಾಗಿಲು ತೆರೆಯಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಡಿಕ್ಕಿಯಾದ ಕಾರನ್ನು ಎಲ್ಲಿಯೇ ಬಿಡಿ, ಬಣ್ಣ ಹಚ್ಚುವ ಮುಂಚೆ ಒಮ್ಮೆ ಹೋಗಿ ನೋಡಿ. ಯಾವ ಭಾಗ ಬದಲಿಸಿದರು, ಎಲ್ಲಿ ಬೆಸೆದರು, ಕಂಪನಿಯ ವಿಧಾನದಲ್ಲಿ ಏನಿದೆ ಎಂದು ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕಾರು ಮಾರುವಾಗ ಆ ಫೋಟೊಗಳನ್ನು ಕೊಳ್ಳುವವರಿಗೂ ಕೊಡಿ.