ಲಕ್ಷ ಕೊಟ್ಟು ರೆಡಿಮೇಡ್ ಗೇಮಿಂಗ್ ಕಂಪ್ಯೂಟರ್: ನಮ್ಮ ಹಣ ಎಲ್ಲಿಗೆ ಹೋಗುತ್ತದೆ?

2024ರ ಮೇ ತಿಂಗಳು. ಅಕ್ಕನ ಮಗ ಪ್ಲಸ್ ಟು ಮುಗಿಸಿ ಮನೆಯಲ್ಲಿದ್ದ. ರಾತ್ರಿ ನಾನು ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಶಾರ್ಜಾದಿಂದ ಭಾವನ ಫೋನ್ ಬಂತು.

"ಇವನಿಗೆ ಕಂಪ್ಯೂಟರ್ ಬೇಕಂತೆ. 1,18,000 ರೂಪಾಯಿಯದ್ದು. ಕಲಿಯಲಿಕ್ಕೆ ಅಂತ ಹೇಳ್ತಾನೆ, ಗೇಮ್ ಆಡ್ಲಿಕ್ಕೆ ಅಂತ ನನಗೂ ಗೊತ್ತುಂಟು. ಕೊಡುದಕ್ಕೆ ಬೇಜಾರಿಲ್ಲ. ಆದರೆ ಅಷ್ಟು ಹಣದ ಸಾಮಾನು ಅದರಲ್ಲಿ ಉಂಟಾ? ನೀನು ಸ್ವಲ್ಪ ನೋಡು."

ನಾನು ಉಪ್ಪಳದಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡಿರುವವ. ಬಿಕಾಂ ಓದಿದ್ದೇನೆ, ಇಂಜಿನಿಯರ್ ಅಲ್ಲ. ಆದರೆ ಯಾವುದೇ ಸಾಮಾನಿನ ಬೆಲೆಯನ್ನು ಬಿಡಿಸಿ ನೋಡುವುದು ನನ್ನ ದಿನನಿತ್ಯದ ಕೆಲಸ. ಆ ವಾರ ಮಂಗಳೂರಿನ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿ, ಆನ್‌ಲೈನ್ ದರಗಳನ್ನೂ ನೋಡಿ ಒಂದು ಲೆಕ್ಕ ಬರೆದೆ. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಇದೇ ಪ್ರಶ್ನೆ ಇರುವುದರಿಂದ ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬಿಡಿಸಿ ನೋಡಿದ ಲೆಕ್ಕ

ಹುಡುಗ ತೋರಿಸಿದ ರೆಡಿಮೇಡ್ ಕಂಪ್ಯೂಟರಿನಲ್ಲಿ ರೈಝನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಇತ್ತು. ಅದೇ ಸಾಮಾನನ್ನು ಬಿಡಿಯಾಗಿ ಕೊಂಡರೆ ನನಗೆ ಸಿಕ್ಕಿದ ದರ ಹೀಗಿತ್ತು: ಪ್ರೊಸೆಸರ್ 12,000, ಮದರ್‌ಬೋರ್ಡ್ 9,500, ಗ್ರಾಫಿಕ್ಸ್ ಕಾರ್ಡ್ 29,500, ರ‍್ಯಾಮ್ 3,500, ಎಸ್‌ಎಸ್‌ಡಿ 5,500, ಪವರ್ ಸಪ್ಲೈ 5,000, ಕ್ಯಾಬಿನೆಟ್ 4,500. ಒಟ್ಟು 69,500 ರೂಪಾಯಿ. ಜೋಡಿಸಿ ಕೊಡಲು ಅಂಗಡಿಯವರು ಕೇಳಿದ್ದು 1,500. ಅಸಲಿ ವಿಂಡೋಸ್‌ಗೆ ಸುಮಾರು 10,000 ಸೇರಿಸಿದರೂ 81,000 ಆಯಿತು.

ವ್ಯತ್ಯಾಸ 37,000 ರೂಪಾಯಿ. ಇದು ತೆರಿಗೆಯಿಂದ ಬಂದದ್ದಲ್ಲ. ಬಿಡಿ ಭಾಗಕ್ಕೂ ಜೋಡಿಸಿದ ಕಂಪ್ಯೂಟರಿಗೂ ಜಿಎಸ್‌ಟಿ ಒಂದೇ, ಶೇ. 18.

ಹಾಗಾದರೆ ಆ 37,000 ಯಾವುದಕ್ಕೆ? ಸ್ವಲ್ಪ ಭಾಗ ನ್ಯಾಯವಾದದ್ದೇ. ಜೋಡಿಸಿದವನ ಕೂಲಿ, ಪರೀಕ್ಷೆ ಮಾಡಿದ ಸಮಯ, ಸಾಗಾಟ, ಎಲ್ಲ ಭಾಗಕ್ಕೂ ಒಂದೇ ಕಡೆ ವಾರಂಟಿ, ಮತ್ತೆ ವ್ಯಾಪಾರಿಯ ಲಾಭ. ಲಾಭ ಮಾಡುವುದು ತಪ್ಪಲ್ಲ, ನಾನೂ ಅದರಿಂದಲೇ ಬದುಕುವವ. ನನ್ನ ಅಂದಾಜಿನಲ್ಲಿ ಇದಕ್ಕೆಲ್ಲ ಹತ್ತು ಸಾವಿರದವರೆಗೆ ಕೊಡಬಹುದು. ಉಳಿದದ್ದು ಬ್ರ್ಯಾಂಡಿನ ಹೆಸರಿಗೆ, ಬಣ್ಣದ ಲೈಟಿಗೆ, ಗಾಜಿನ ಬಾಗಿಲಿಗೆ.

ಬೋರ್ಡಿನಲ್ಲಿ ಬರೆಯದೆ ಬಿಡುವ ವಿಷಯಗಳು

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರು. ಖರ್ಚು ಉಳಿಸುವುದು ಹೆಚ್ಚಾಗಿ ಹೆಸರು ಬರೆಯದ ಭಾಗಗಳಲ್ಲಿ.

ಮೊದಲನೆಯದು ಪವರ್ ಸಪ್ಲೈ. ಕಂಪ್ಯೂಟರಿನ ಎಲ್ಲ ಭಾಗಕ್ಕೂ ಕರೆಂಟ್ ಹಂಚುವುದು ಇದು. ಆರ್‌ಟಿಎಕ್ಸ್ 4060 ಕಾರ್ಡಿನ ಬಳಕೆ 115 ವಾಟ್, ಅದಕ್ಕೆ ತಯಾರಕರು ಶಿಫಾರಸು ಮಾಡುವುದು 550 ವಾಟಿನ ಪವರ್ ಸಪ್ಲೈ. ವಾಟ್ ಸರಿ ಇದ್ದರೆ ಸಾಲದು, ಗುಣಮಟ್ಟವೂ ಬೇಕು. ಮಳೆಗಾಲದ ನಮ್ಮೂರಿನ ಗುಡುಗು ಸಿಡಿಲು, ಹೋಗಿ ಬರುವ ಕರೆಂಟು ಎಲ್ಲರಿಗೂ ಗೊತ್ತುಂಟಲ್ಲ? ಹೆಸರಿಲ್ಲದ ಪವರ್ ಸಪ್ಲೈ ಕೆಟ್ಟರೆ ಕೆಲವೊಮ್ಮೆ ಜೊತೆಗೆ ಬೋರ್ಡನ್ನೂ ಕರೆದುಕೊಂಡೇ ಹೋಗುತ್ತದೆ.

ಇದು ನನ್ನ ಅನುಭವ. 2021ರಲ್ಲಿ ತಮ್ಮನಿಗೆ ಒಂದು ದೊಡ್ಡ ಬ್ರ್ಯಾಂಡಿನ ರೆಡಿಮೇಡ್ ತೆಗೆದುಕೊಟ್ಟಿದ್ದೆ. ಹದಿನಾಲ್ಕನೇ ತಿಂಗಳಿಗೆ ಪವರ್ ಸಪ್ಲೈ ಹೋಯಿತು, ವಾರಂಟಿ ಮುಗಿದಿತ್ತು. ಪೇಟೆಯಲ್ಲಿ ಸಿಗುವ ಯಾವುದನ್ನು ತಂದರೂ ಕೂರಲಿಲ್ಲ. ಅದರ ಅಳತೆ, ಪಿನ್ನು ಎಲ್ಲ ಕಂಪೆನಿಯದ್ದೇ ಬೇರೆ. ಅವರಿಂದಲೇ ತರಿಸಿ ಆಗುವಾಗ ಐದು ವಾರ ಹೋಯಿತು, ಬೆಲೆ ಪೇಟೆಯ ಎರಡು ಪಟ್ಟು.

ಎರಡನೆಯದು ರ‍್ಯಾಮ್. 16 ಜಿಬಿಯ ಒಂದೇ ಪಟ್ಟಿ ಹಾಕಿದರೆ ಸಿಂಗಲ್ ಚಾನಲ್, 8 ಜಿಬಿಯ ಎರಡು ಹಾಕಿದರೆ ಡ್ಯುಯಲ್ ಚಾನಲ್. ಪ್ರೊಸೆಸರಿಗೆ ದಾರಿ ಎರಡಾದರೆ ಗೇಮ್ ಹೆಚ್ಚು ಸಲೀಸು. ಬೋರ್ಡಿನಲ್ಲಿ ಎರಡಕ್ಕೂ "16 ಜಿಬಿ" ಅಂತಲೇ ಬರೆಯುತ್ತಾರೆ.

ಮೂರನೆಯದು ಹೆಸರಿನ ಗೊಂದಲ. "ಐ7" ಎಂದರೆ ಸಾಲದು, ಎಷ್ಟನೇ ತಲೆಮಾರು ಎಂದು ಕೇಳಬೇಕು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದ್ದೂ 6 ಜಿಬಿಯದ್ದೂ ಇದೆ. 6 ಜಿಬಿಯದ್ದರಲ್ಲಿ ಮೆಮೊರಿ ಮಾತ್ರ ಅಲ್ಲ, ಕೋರ್‌ಗಳೂ ಕಡಿಮೆ.

ನಾಲ್ಕನೆಯದು ಮಾನಿಟರ್. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಬಾರಿಗಿಂತ ಹೆಚ್ಚು ಚಿತ್ರ ಬದಲಿಸಲಾರದು. ಒಳಗೆ ಕಂಪ್ಯೂಟರ್ 150 ಫ್ರೇಮ್ ತಯಾರಿಸಿದರೂ ಕಣ್ಣಿಗೆ ಅಷ್ಟು ಕಾಣುವುದಿಲ್ಲ. ಲಕ್ಷದ ಪೆಟ್ಟಿಗೆಗೆ ಹಳೇ ಮಾನಿಟರ್ ಸಿಕ್ಕಿಸುವುದಕ್ಕಿಂತ, ಪೆಟ್ಟಿಗೆಯಲ್ಲಿ ಉಳಿಸಿ ಒಳ್ಳೆಯ ಮಾನಿಟರ್ ಕೊಳ್ಳುವುದು ಬುದ್ಧಿವಂತಿಕೆ.

ಇಳಿಯುವ ಬೆಲೆ, ಏರುವ ಕಂತು

ಚಿನ್ನದ ಹಾಗೆ ಕಂಪ್ಯೂಟರಿಗೆ ಮರುಬೆಲೆ ಇಲ್ಲ. ಆದಾಯ ತೆರಿಗೆ ನಿಯಮದಲ್ಲಿ ವ್ಯಾಪಾರದ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ ಕೊಡುತ್ತಾರೆ. ಆ ಲೆಕ್ಕದಲ್ಲಿ 1,18,000 ರೂಪಾಯಿಯ ಸಾಮಾನು ಮೂರು ವರ್ಷ ಕಳೆಯುವಾಗ ಪುಸ್ತಕದಲ್ಲಿ 25,488ಕ್ಕೆ ಇಳಿಯುತ್ತದೆ. ಪೇಟೆ ಬೆಲೆ ಇದೇ ರೀತಿ ಇಳಿಯಬೇಕೆಂದಿಲ್ಲ, ಆದರೆ ದಿಕ್ಕು ಅದೇ. ಲೈಟಿಗೂ ಹೆಸರಿಗೂ ಕೊಟ್ಟ ಹೆಚ್ಚಿನ ಹಣವಂತೂ ಮಾರುವಾಗ ವಾಪಸು ಬರುವುದಿಲ್ಲ.

"ನೋ ಕಾಸ್ಟ್ ಇಎಂಐ" ಎಂದು ಹೇಳಿದರೆ ನಗದು ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ. ನಗದಿಗೆ ಕೊಡುವ ರಿಯಾಯಿತಿ ಕಂತಿಗೆ ಸಿಗದಿದ್ದರೆ ಅದೇ ಬಡ್ಡಿ. ಸೊನ್ನೆ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಮುಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಬಡ್ಡಿಯಿಂದ ದೂರ ಇರುವ ನಮ್ಮ ಮನೆಗಳವರು ಇದನ್ನು ಗಮನಿಸಲೇಬೇಕು.

ಗಲ್ಫ್‌ನಿಂದ ತಂದರೆ?

ಭಾವನೂ ಇದನ್ನೇ ಕೇಳಿದರು. ಅಲ್ಲಿ ವ್ಯಾಟ್ ಶೇ. 5 ಮಾತ್ರ, ಆದ್ದರಿಂದ ಕೆಲವು ಸಾಮಾನು ಅಗ್ಗ ನಿಜ. ಆದರೆ 18 ದಾಟಿದ ಪ್ರಯಾಣಿಕರು ಸುಂಕವಿಲ್ಲದೆ ಪ್ರತ್ಯೇಕವಾಗಿ ತರಬಹುದಾದದ್ದು ಒಂದು ಲ್ಯಾಪ್‌ಟಾಪ್. ಡೆಸ್ಕ್‌ಟಾಪಿಗೂ ಬಿಡಿ ಕಾರ್ಡಿಗೂ ಆ ವಿನಾಯಿತಿ ಇಲ್ಲ, ಅವು ಸಾಮಾನ್ಯ ಬ್ಯಾಗೇಜ್ ಮಿತಿಯೊಳಗೆ ಬರಬೇಕು. ಅದಕ್ಕಿಂತ ಮುಖ್ಯ, ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿ. ಎಷ್ಟೋ ಭಾಗಗಳಿಗೆ ಕೊಂಡ ದೇಶದಲ್ಲಿ ಮಾತ್ರ ವಾರಂಟಿ.

ರೆಡಿಮೇಡ್ ಯಾವಾಗ ಸರಿ?

ರೆಡಿಮೇಡ್ ಎಂದರೆ ಮೋಸ ಎಂದು ನಾನು ಹೇಳುವುದಿಲ್ಲ. ಬಿಡಿ ಭಾಗಗಳ ಒಟ್ಟು ಬೆಲೆಗಿಂತ ಶೇ. 10ರಿಂದ 15 ಮಾತ್ರ ಹೆಚ್ಚಿದ್ದರೆ, ಎಲ್ಲ ಭಾಗದ ಹೆಸರು ಬಿಲ್ಲಿನಲ್ಲಿದ್ದರೆ, ಮೂರು ವರ್ಷದ ವಾರಂಟಿ ಇದ್ದರೆ ತೆಗೆದುಕೊಳ್ಳಬಹುದು. ಹತ್ತಿರ ರಿಪೇರಿ ತಿಳಿದವರು ಇಲ್ಲದ ಮನೆಗೆ ಅದೇ ಒಳ್ಳೆಯದು.

ಪೇಟೆಯಲ್ಲಿ ಕೊರತೆ ಬಂದಾಗ ಲೆಕ್ಕ ತಿರುಗುವುದೂ ಉಂಟು. 2021ರಲ್ಲಿ ಕ್ರಿಪ್ಟೋ ಮೈನಿಂಗ್ ಮತ್ತು ಚಿಪ್ ಕೊರತೆಯಿಂದ ಬಿಡಿ ಗ್ರಾಫಿಕ್ಸ್ ಕಾರ್ಡ್ ಕೈಗೆಟುಕಲಿಲ್ಲ. ನಾನು ಆಗ ತಮ್ಮನಿಗೆ ರೆಡಿಮೇಡ್ ಕೊಂಡದ್ದು ಅದಕ್ಕೇ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ಮೇಲಿನ ನನ್ನ ದರಗಳನ್ನು ಇವತ್ತಿಗೆ ಹಿಡಿಯಬೇಡಿ, ಲೆಕ್ಕ ಹಾಕುವ ಕ್ರಮವನ್ನು ಮಾತ್ರ ಹಿಡಿಯಿರಿ. ಹಳೇ ಸ್ಟಾಕಿನ ರ‍್ಯಾಮ್ ಹಾಕಿದ ರೆಡಿಮೇಡ್ ಈಗ ಅಗ್ಗಕ್ಕೆ ಸಿಕ್ಕಿದರೂ ಆಶ್ಚರ್ಯ ಇಲ್ಲ.

ಹಣ ಕೊಡುವ ಮೊದಲು ಎಲ್ಲ ಭಾಗಗಳ ಕಂಪೆನಿ, ಮಾಡೆಲ್ ನಂಬರ್ ವಾಟ್ಸ್ಆಪ್‌ನಲ್ಲಿ ಬರೆಸಿಕೊಳ್ಳಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ. ಜಿಎಸ್‌ಟಿ ಬಿಲ್ ಬಿಡಬೇಡಿ. ಮಂಗಳೂರಿನಲ್ಲಿ ಕೊಂಡರೆ ಕೇಸಿಗೂ ಅಲ್ಲಿಗೇ ಓಡಬೇಕು ಎಂದು ನಮ್ಮ ಗಡಿಯವರು ಹೆದರುತ್ತಾರೆ. ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡಿನಲ್ಲೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಅಕ್ಕನ ಮಗನ ಕತೆ ಏನಾಯಿತು? ಪಟ್ಟಿಯನ್ನು ಅವನ ಮುಂದಿಟ್ಟೆ. ಮೊದಲು ಮುಖ ಊದಿಸಿದ. "ಮಾಮ, ಅದರ ಲೈಟ್ ನೋಡಿದ್ದೀರಾ?" ಎಂದ. ಮತ್ತೆ ಅವನೇ ಎರಡು ದಿನ ಕೂತು ನನ್ನ ಪಟ್ಟಿಯಲ್ಲಿದ್ದ ಕ್ಯಾಬಿನೆಟ್‌ನಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ ಎಂದು ಕಂಡುಹಿಡಿದು ಬದಲಿಸಿದ. ಮಂಗಳೂರಿನ ಅಂಗಡಿಯಲ್ಲಿ ಜೋಡಿಸುವಾಗ ಪಕ್ಕದಲ್ಲೇ ನಿಂತು ನೋಡಿದ. 144 ಹರ್ಟ್ಸ್ ಮಾನಿಟರ್, ಯುಪಿಎಸ್ ಎಲ್ಲ ಸೇರಿ ಮೊದಲು ಹೇಳಿದ ಬೆಲೆಯೊಳಗೇ ಮುಗಿಯಿತು. ಉಳಿದ ಹದಿನಾಲ್ಕು ಸಾವಿರವನ್ನು ಭಾವ ಅಕ್ಕನ ಕೈಯಲ್ಲೇ ಇಡಲು ಹೇಳಿದರು.

ಅವನು ಗೇಮ್ ಆಡ್ತಾನಾ ಎಂದು ಕೇಳಿದರೆ, ಹೌದು, ಆಡ್ತಾನೆ. ಆದರೆ ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಕಂಪ್ಯೂಟರ್ ಆನ್ ಆಗದಿದ್ದಾಗ ಬಿಚ್ಚಿ ನೋಡಿ, ಪವರ್ ಸಪ್ಲೈ ಹೋಗಿದೆ ಎಂದು ಹೇಳಿದ್ದೂ ಅವನೇ.