ಮರೆವು ಬಂದರೂ ಮಾನ ಉಳಿಯಲಿ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಯುವಮಿತ್ರರೇ,

ನಿಮ್ಮಲ್ಲಿ ಕೆಲವರ ಅಜ್ಜಿಗೋ ಅಜ್ಜನಿಗೋ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಬಂದು, ಮನೆಯಲ್ಲಿ ನೋಡಿಕೊಳ್ಳಲಾಗದೆ ಆರೈಕೆ ಕೇಂದ್ರಕ್ಕೆ ಸೇರಿಸಿರಬಹುದು. ಇದರಲ್ಲಿ ತಲೆ ತಗ್ಗಿಸುವಂಥದ್ದೇನೂ ಇಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ. ಸೇರಿಸಿದ ಮೇಲೆ ಊಟ, ಔಷಧಿ ವಿಚಾರಿಸುತ್ತೇವೆ. ಸ್ನಾನ, ಬಟ್ಟೆ, ಕಕ್ಕಸಿನ ವಿಷಯ ಕೇಳಲು ಮಾತ್ರ ಸಂಕೋಚ. ಮನುಷ್ಯರ ಮಾನವಿರುವುದು ಅಲ್ಲಿಯೇ ಅಲ್ಲವೇ?

ಹೆಸರು ಮರೆತವರೂ ನಾಚಿಕೆ ಮರೆತಿರುವುದಿಲ್ಲ. ಜೀವಮಾನವಿಡೀ ಸೆರಗು ಜಾರಗೊಡದ ಅಜ್ಜಿಯ ಸೀರೆಯನ್ನು ಗುರುತಿಲ್ಲದ ಕೈಯೊಂದು ಎಳೆದರೆ ಅವರು ಕಿರುಚದೆ ಇನ್ನೇನು ಮಾಡಿಯಾರು? ನೋಡಿದವರು ಅದನ್ನು ಹಟವೆನ್ನುತ್ತಾರೆ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೈಗೆ ಟವೆಲ್ ಹೊದಿಸಿ, ಬೆಚ್ಚಗೆ, ನಿಧಾನವಾಗಿ ಒರೆಸಿದಾಗ ಇಂಥ ರೇಗಾಟ ಸಾಕಷ್ಟು ಕಡಿಮೆಯಾಯಿತು.

ನಮ್ಮವರಿಗೆ ಭಾಷೆಯ ತೊಡಕು ಬೇರೆ. ಊರು ಬಿಟ್ಟ ಮೇಲೆ ಕಲಿತ ಹಿಂದಿ, ಮರಾಠಿ ಜಾರಿಹೋಗಿ ಬಾಲ್ಯದ ಮಾತೊಂದೇ ಉಳಿಯುವುದುಂಟು. ಅಜ್ಜಿ "ಒಂದಕ್ಕೆ ಹೋಗಬೇಕು" ಎಂದು ಹತ್ತು ಸಲ ಹೇಳಿದರೂ ಮರಾಠಿ ಮೌಶಿಗೆ ತಿಳಿಯದು. ಬಟ್ಟೆ ಒದ್ದೆಯಾಗುತ್ತದೆ, ಮರುದಿನದಿಂದ ಡೈಪರ್. ಒಂದು ಶಬ್ದ ತಿಳಿಯದ್ದಕ್ಕೆ ಎಷ್ಟು ದೊಡ್ಡ ಶಿಕ್ಷೆ!

ಇಲ್ಲಿ ನಿಮ್ಮ ಕೆಲಸವಿದೆ. ನೀವು ಎರಡೂ ಭಾಷೆ ಬಲ್ಲವರು. ಒಂದಕ್ಕೆ, ಎರಡಕ್ಕೆ, ನೀರು, ನೋವು, ಚಳಿ, ಸಾಕು, ಬೇಡ ಎಂಬ ಶಬ್ದಗಳನ್ನು ದೇವನಾಗರಿಯಲ್ಲಿ ಅರ್ಥಸಹಿತ ಪುಟ್ಟ ಪುಸ್ತಕದಲ್ಲಿ ಬರೆದು ಮೌಶಿಯ ಕೈಗೆ ಕೊಡಿ. ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಆ ಶಬ್ದಗಳನ್ನೇ ಬರೆಯಿರಿ. ಗೋಡೆಗೆ ಮಾತ್ರ ಅಂಟಿಸಬೇಡಿ. ಅವರ ಗುಟ್ಟನ್ನು ಬಂದವರೆಲ್ಲ ಓದಬೇಕಿಲ್ಲ. ಅವರನ್ನು ಹೇಗೆ ಕರೆಯಬೇಕು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಕುಂಕುಮ ಬೇಕೋ, ಗಂಡಸರು ಮೈ ಮುಟ್ಟಬಹುದೋ ಎಂಬುದನ್ನೂ ಸೇರಿಸಿ.

ಸುಲಭವೆಂದು ಕೂದಲು ಕತ್ತರಿಸುವ ಮುನ್ನ ಕೇಳಬೇಕೆಂದು ಹೇಳಿಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಬಲವಂತವಾಗಿ ತಲೆ ಬೋಳಿಸುವಂತಿಲ್ಲವೆಂದಿದೆ. ಮೈ ಮುಚ್ಚುವ ಬಟ್ಟೆ, ಮರೆ ಇವನ್ನು ಹಕ್ಕೆಂದೇ ಒಪ್ಪಿದೆ.

ಮೌಶಿಯನ್ನು ಗದರಬೇಡಿ, ಆಕೆಗೆ ನೋಡಿಕೊಳ್ಳಲು ಇನ್ನೂ ಹಲವರಿದ್ದಾರೆ. ಹೆಸರು ಹಿಡಿದು ಮಾತಾಡಿಸಿ, ಒಂದು ದಿನ ಜೊತೆಗಿದ್ದು ತೋರಿಸಿಕೊಡಿ: ಮೊದಲು ಬಾಗಿಲು ಮುಚ್ಚುವುದು, ಆಮೇಲೆ "ಅಜ್ಜಿ, ಕೈ ತೊಳೆಸಲಾ?" ಎಂದು ಕೇಳುವುದು, ಉತ್ತರಕ್ಕೆ ಕಾಯುವುದು.